ಇಸ್ತ್ರಿ ಅಂಗಡಿಯಿಂದ ಏಳು ಅಡಿ

ಮೂರನೆಯ ಗುಂಡಿಯಲ್ಲೂ ಮಣ್ಣು, ಜಲ್ಲಿ ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಗ್ಯಾಸಮ್ಮ, ಇನ್ನೆಲ್ಲಿ ಅಗೀಲಿ ಹೇಳಿ. ಏಳಡಿ ಅಂದ್ರಿ, ಏಳಡಿ ಆಯ್ತು. ಅದರ ಆಚೆ ಒಂದು, ಈಚೆ ಒಂದು ಗುಂಡಿನೂ ಆಯ್ತು," ಎಂದ ದುರಸ್ತಿ ತಂಡದ ಮೇಸ್ತ್ರಿ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಅವಳು ಗ್ಯಾಸ್ ಕಂಪನಿಯ ವಾಲ್ವ್ ತಪಾಸಣೆಯವಳು. ಇಪ್ಪತ್ತೊಂಬತ್ತು ವರ್ಷ ಇದೇ ಬೀದಿಗಳಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದ ಅವಳ ಅಪ್ಪನನ್ನು ಜನ ಗ್ಯಾಸಪ್ಪ ಎನ್ನುತ್ತಿದ್ದರು. ಮಗಳು ಅದೇ ಕೆಲಸಕ್ಕೆ ಬಂದ ದಿನವೇ, ಯಾರನ್ನೂ ಕೇಳದೆ, ಗ್ಯಾಸಮ್ಮ ಆಗಿಬಿಟ್ಟಳು.

ಬೆಳಗ್ಗೆ ಹತ್ತು ಗಂಟೆಗೆ ಬೀದಿಯ ಕೆಳಗಿನ ಪೈಪು ಹಳೆಯ ಬೆಸುಗೆಯ ಹತ್ತಿರ ಬಿರಿದಿತ್ತು. ಗ್ಯಾಸು ಮಣ್ಣಿನೊಳಗಿಂದ ದಾರಿ ಮಾಡಿಕೊಂಡು ಎದುರಿನ ಮೂರಂತಸ್ತಿನ ಕಟ್ಟಡದ ನೆಲಮಾಳಿಗೆಗೆ ನುಗ್ಗಿತ್ತು. ಬೀದಿಯ ಕರೆಂಟು ತೆಗೆದಾಗಿತ್ತು. ಉಳಿದ ಮನೆಗಳವರೆಲ್ಲ ಹಗ್ಗದ ಆಚೆ ನಿಂತಿದ್ದರು. ಮೂರನೆಯ ಮಹಡಿಯಲ್ಲಿ ಮಾತ್ರ ಇಬ್ಬರು ಉಳಿದಿದ್ದರು. ಸೊಂಟದ ಮೂಳೆ ಮುರಿದುಕೊಂಡು, ಮೂಳೆ ಅಲುಗದಿರಲೆಂದು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಒಬ್ಬ ಮುದುಕಿ. ಅವಳನ್ನು ಬಿಟ್ಟು ಬರಲೊಲ್ಲದ ಮಗ, ದರ್ಜಿ.

ಅಗ್ನಿಶಾಮಕ ದಳದ ಅಧಿಕಾರಿ ಗ್ಯಾಸ್ ಅಳೆಯುವ ಮೀಟರನ್ನು ಮತ್ತೆ ಮತ್ತೆ ನೋಡುತ್ತಿದ್ದ. ಮುಳ್ಳು ಕೆಂಪು ಗೆರೆಯ ಮೇಲೆ ಕೂತುಬಿಟ್ಟಿತ್ತು. ಒಂದು ಕಿಡಿ ಸಾಕು. "ಗ್ಯಾಸ್ ನಿಲ್ಲೋವರೆಗೂ ನನ್ನ ಹುಡುಗರನ್ನ ಒಳಗೆ ಕಳಿಸಲ್ಲ. ಅವರಿಗೂ ತಾಯಂದಿರಿದ್ದಾರೆ," ಎಂದಿದ್ದ. ಅವನ ಮಾತಿನಲ್ಲಿ ಗಡಸಿರಲಿಲ್ಲ. ಹೇಳುವಾಗ ಮೇಲಿನ ಕಿಟಕಿಯ ಕಡೆ ಮಾತ್ರ ನೋಡಲಿಲ್ಲ.

ಕಿಟಕಿಯಿಂದ ದರ್ಜಿ ತಲೆ ಹಾಕಿದ. "ಸಾರ್, ಇನ್ನೆಷ್ಟು ಹೊತ್ತು?"

"ಆಗ್ತಾ ಇದೆ! ಏನನ್ನೂ ಮುಟ್ಟಬೇಡಿ, ಸ್ವಿಚ್ಚು ಗಿಚ್ಚು ಯಾವುದೂ ಬೇಡ!"

"ಇಲ್ಲಿ ಮುಟ್ಟೋಕೇನಿದೆ ಸಾರ್. ಅಮ್ಮನ ಕೈ ಹಿಡ್ಕೊಂಡು ಕೂತಿದೀನಿ. ಅದಕ್ಕೂ ಬಯ್ತಿದಾರೆ, ನೀನು ಹೋಗೋ ಕತ್ತೆ ಅಂತ."

ಹಗ್ಗದಾಚೆ ಯಾರೋ ನಕ್ಕರು. ನಕ್ಕವರೇ ಬಾಯಿ ಮುಚ್ಚಿಕೊಂಡರು.

ಗ್ಯಾಸಮ್ಮ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲೇ ಮಣ್ಣು ಕೆರೆಯುತ್ತಿದ್ದಳು. ಯಂತ್ರ ಬಳಸುವಂತಿರಲಿಲ್ಲ. ಉಳಿಯ ಪ್ರತಿ ಏಟಿಗೂ ನೀರು ಸುರಿಯಬೇಕಿತ್ತು. ಆ ನೀರಿಗೆ ಇಸ್ತ್ರಿ ಅಂಗಡಿಯಾಕೆ ತನ್ನ ಅಷ್ಟೂ ಬಕೆಟ್ಟುಗಳನ್ನು ತುಂಬಿಸಿಟ್ಟು, ದಳದವರು ಬೈದ ಮೇಲೆ ಹಗ್ಗದಾಚೆ ಹೋಗಿದ್ದಳು. ಈ ಪೈಪನ್ನು ಮುಚ್ಚುವ ವಾಲ್ವ್ ಅಗೆದ ಜಾಗದಲ್ಲಿ ಇಲ್ಲವೆಂದು ಗ್ಯಾಸಮ್ಮನಿಗೆ ಮೊದಲ ಗುಂಡಿಗೇ ಗೊತ್ತಾಗಿತ್ತು. ನಿಜ ಹೇಳಬೇಕೆಂದರೆ ಮೂರು ವರ್ಷದ ಹಿಂದೆಯೇ ಗೊತ್ತಾಗಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಪ್ಪ ಒಪ್ಪಿಸಿದ ಪಟ್ಟಿ ಹಿಡಿದು ಇಲ್ಲಿಗೆ ಬಂದಿದ್ದಳು. 'ಹದಿಮೂರನೆಯ ವಾಲ್ವ್, ಇಸ್ತ್ರಿ ಅಂಗಡಿಯ ಗೋಡೆಯಿಂದ ಏಳು ಅಡಿ.' ಅಳೆದರೆ ಅಲ್ಲಿ ಬರೀ ಡಾಂಬರು. ವರ್ಷಕ್ಕೊಮ್ಮೆ ವಾಲ್ವ್ ತಿರುಗಿಸಿ ನೋಡಬೇಕೆಂಬುದು ನಿಯಮ. ಫಾರ್ಮಿನಲ್ಲಿ ಮೂರು ಚೌಕ: ಮುಚ್ಚಳ ಕಂಡಿತು, ಕೀಲಿ ತಿರುಗಿತು, ಪೂರ್ತಿ ಮುಚ್ಚಿತು. ಮುಚ್ಚಳ ಕಾಣಲಿಲ್ಲ ಎಂದರೆ ಇನ್ನೊಂದು ಫಾರ್ಮ್ ತುಂಬಬೇಕು. ಕೊನೆಯ ಸಲ ತಿರುಗಿಸಿದ್ದು ಯಾರು, ಯಾವಾಗ ಎಂದು ಅದು ಕೇಳುತ್ತದೆ. ಡಾಂಬರಿಗೆ ನಾಲ್ಕು ವರ್ಷ ಆಗಿತ್ತು. ಅಪ್ಪನ ಕೊನೆಯ ಸಹಿಗೆ ಎಂಟು ತಿಂಗಳೂ ಆಗಿರಲಿಲ್ಲ. ಬೀದಿಯ ನಡುವೆ ಪೆನ್ನು ಹಿಡಿದು ಅವಳು ತುಂಬಾ ಹೊತ್ತು ನಿಂತಿದ್ದಳು. ಮುಂದಿನ ವಾರ ಸದ್ದಿಲ್ಲದೆ ಅಗೆಸಿ ನೋಡೋಣ ಎಂದುಕೊಂಡು ಮೂರು ಚೌಕಕ್ಕೂ ಗುರುತು ಹಾಕಿದಳು. ಆ ಮುಂದಿನ ವಾರ ಮೂರು ವರ್ಷವಾದರೂ ಬರಲಿಲ್ಲ.

"ಒಂದು ನಿಮಿಷ," ಎಂದು ಮೇಸ್ತ್ರಿಗೆ ಹೇಳಿ ಹಗ್ಗದಾಚೆ ಓಡಿದಳು. ಹಗ್ಗದ ಒಳಗೆ ಫೋನು ಬಳಸುವಂತಿಲ್ಲ. ಕೈ ತುಂಬ ಕೆಸರು. ಫೋನು ಎರಡು ಸಲ ಜಾರಿತು. ಇಸ್ತ್ರಿ ಅಂಗಡಿಯಾಕೆ ಅದನ್ನು ಎತ್ತಿ, ಅವಳು ಹೇಳಿದ ನಂಬರು ಒತ್ತಿ, ತಾನೇ ಅವಳ ಕಿವಿಗೆ ಹಿಡಿದು ನಿಂತಳು.

"ಅಪ್ಪಾ, ಹದಿಮೂರನೇ ವಾಲ್ವ್ ಎಲ್ಲಿದೆ?"

"ಅಂಗಡಿ ಗೋಡೆಯಿಂದ ಏಳಡಿ. ಪಟ್ಟೀಲಿ ಇದೆಯಲ್ಲ."

"ಪಟ್ಟೀದು ಬೇಡಪ್ಪ. ಮೂರು ಗುಂಡಿ ತೆಗೆಸಿದೀವಿ, ಇಲ್ಲ. ನೆಲಮಾಳಿಗೇಲಿ ಗ್ಯಾಸ್ ತುಂಬಿದೆ. ಮೇಲೆ ಇಬ್ಬರಿದ್ದಾರೆ. ನಿಜ ಹೇಳಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಅಗೀಬೇಡ ಮಗಳೇ. ರಸ್ತೆ ಅಗಲ ಮಾಡಿದಾಗ ಅಂಗಡಿ ಗೋಡೆ ಒಡೆದು ಹಿಂದಕ್ಕೆ ಕಟ್ಟಿದ್ರು. ಎಷ್ಟು ಹಿಂದಕ್ಕೆ ಅಂತ ನಾನು ಅಳೆದಿಟ್ಟುಕೊಳ್ಳಲಿಲ್ಲ. ಮರುವರ್ಷ ಹುಡುಕಿದೆ, ಸಿಗಲಿಲ್ಲ."

"ಮತ್ತೆ ಸಹಿ?"

"ಹಾಕಿದೆ. ನಾಲ್ಕು ಸಲ ಹಾಕಿದೆ." ಅಪ್ಪನ ದನಿ ಕುಸಿಯಿತು. "ನೀನೂ ಹಾಕಿದೀಯಾ?"

"ಹೂಂ."

"ನಿನಗ್ಯಾಕಮ್ಮ ಬೇಕಿತ್ತು ಅದು?"

"ಮೇಲಿನ ಸಾಲಲ್ಲಿ ನಿಮ್ಮ ಸಹಿ ಇತ್ತಲ್ಲಪ್ಪ."

ಅಪ್ಪನ ಮುಂದಿನ ಮಾತು ಹಳೆಯ ಗ್ಯಾಸಪ್ಪನದಾಗಿತ್ತು. "ಸೇತುವೆ ಹತ್ತಿರದ ದೊಡ್ಡದನ್ನ ಮುಚ್ಚು. ಅರ್ಧ ಊರಿನ ಒಲೆ ಆರುತ್ತೆ, ಆರಲಿ. ಅದನ್ನ ತಿರುಗಿಸಿದೀಯಾ?"

"ಅದನ್ನ ತಿರುಗಿಸಿದೀನಿ. ನಿಜವಾಗಲೂ."

"ಓಡು."

ಇಸ್ತ್ರಿ ಅಂಗಡಿಯಾಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒದ್ದೆ ಬಟ್ಟೆಯಿಂದ ಗ್ಯಾಸಮ್ಮನ ಗಲ್ಲದ ಕೆಸರು ಒರೆಸಿ, ಫೋನನ್ನು ಅವಳ ಜೇಬಿಗೆ ಇಳಿಸಿದಳು.

ಮೇಸ್ತ್ರಿ ನಾಲ್ಕನೆಯ ಗುಂಡಿಗೆ ಉಳಿ ಇಟ್ಟಿದ್ದ.

"ನಿಲ್ಲಿಸಿ. ಇಲ್ಲಿ ಸಿಗಲ್ಲ. ಸೇತುವೆ ವಾಲ್ವಿಗೆ ಹೋಗಬೇಕು."

"ಸಿಗಲ್ಲ ಅಂದ್ರೆ? ಹೋದ ತಿಂಗಳು ನೀವೇ ತಿರುಗಿಸಿದೀರಲ್ಲ ಇದನ್ನ?"

"ಇಲ್ಲ. ನಾನು ಇದನ್ನ ಕಣ್ಣಲ್ಲೂ ನೋಡಿಲ್ಲ. ಮೂರು ವರ್ಷದಿಂದ ಸುಳ್ಳು ಗುರುತು ಹಾಕಿದೀನಿ."

ಉಳಿ ಹಿಡಿದವರ ಕೈ ನಿಂತಿತು. ಮೇಸ್ತ್ರಿ ಮೆಲ್ಲಗೆ ಎದ್ದು ನಿಂತ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಒಂದು ಗಂಟೆಯಿಂದ ನನ್ನ ಜನ ಇಲ್ಲಿ ಜೀವ ಕೈಲಿ ಹಿಡ್ಕೊಂಡು ಅಗೀತಿದಾರೆ," ಎಂದ.

"ಗೊತ್ತು. ಬಯ್ಯೋದು ಆಮೇಲೆ ಬಯ್ಯಿರಿ. ಸೇತುವೇದು ಮುಚ್ಚುತ್ತೆ. ಅದನ್ನ ನನ್ನ ಕೈಯಾರೆ ತಿರುಗಿಸಿದೀನಿ."

"ಇದಕ್ಕೂ ಗುರುತು ಇದೆ, ಅದಕ್ಕೂ ಗುರುತು ಇದೆ. ಎರಡೂ ನಿಮ್ಮ ಕೈಬರಹ. ನಾನು ಯಾವುದನ್ನ ನಂಬಲಿ? ಇರೋದು ಒಂದು ಕೀಲಿ, ನಾಲ್ಕು ಜನ. ವರ್ಷಗಟ್ಟಲೆ ತಿರುಗಿಸದೇ ಇರೋದನ್ನ ಒತ್ತಾಯ ಮಾಡಿದ್ರೆ ವಾಲ್ವಿನ ಒಳಗಿನ ದಂಡ ಮುರಿಯುತ್ತೆ. ಆಗ ಅಲ್ಲೂ ಗ್ಯಾಸು, ಇಲ್ಲೂ ಗ್ಯಾಸು. ಪೈಪು ಹಿಸುಕಿ ಗ್ಯಾಸ್ ನಿಲ್ಲಿಸೋ ಯಂತ್ರ ಬರೋಕೆ ಇನ್ನೂ ಒಂದೂವರೆ ಗಂಟೆ ಇದೆ."

ಮೇಲಿನಿಂದ ದರ್ಜಿ ಕೂಗಿದ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ಸಾರ್, ಅಮ್ಮನಿಗೆ ತಲೆ ಸುತ್ತುತ್ತಿದೆ ಅಂತಾರೆ. ವಾಸನೆ ಇಲ್ಲಿವರೆಗೂ ಬಂತು!"

ಗ್ಯಾಸಮ್ಮ ಮೇಸ್ತ್ರಿಯ ತೋಳು ಹಿಡಿದಳು. ಆಣೆ ಹಾಕಲು ಬಾಯಿ ತೆರೆದಳು. ತನ್ನ ಆಣೆಗೆ ಈಗ ಯಾವ ಬೆಲೆ ಎನ್ನಿಸಿ ಬಾಯಿ ಮುಚ್ಚಿದಳು. ಅವಳ ಹತ್ತಿರ ಉಳಿದದ್ದು ಕೈಗೆ ಗೊತ್ತಿದ್ದ ಸಂಗತಿಯೊಂದೇ.

"ಹದಿನೆಂಟು ಸುತ್ತು ಇದೆ ಅದು. ಹನ್ನೊಂದನೇ ಸುತ್ತಿಗೆ ಕಚ್ಚಿ ಹಿಡಿಯುತ್ತೆ. ಆಗ ಬಲ ಹಾಕಬಾರದು, ಕಾಲು ಸುತ್ತು ಹಿಂದೆ ಬಿಟ್ಟು ಮತ್ತೆ ತಿರುಗಿಸಬೇಕು. ಮುಚ್ಚಳದ ಒಳಗೆ ಎಡಗಡೆ ಇಟ್ಟಿಗೆ ಸಡಿಲ ಆಗಿದೆ, ಕೀಲಿ ಅದಕ್ಕೆ ತಗಲುತ್ತೆ. ಇದು ಯಾವ ಫಾರ್ಮಿನಲ್ಲೂ ಇಲ್ಲ ಮೇಸ್ತ್ರಿ. ತಿರುಗಿಸದೇ ನನಗೆ ಹೇಗೆ ಗೊತ್ತಾಗಬೇಕು?"

ಮೇಸ್ತ್ರಿ ಅವಳ ಮುಖ ನೋಡಲಿಲ್ಲ, ಅಂಗೈ ನೋಡಿದ. ಆಮೇಲೆ ನೆಲದ ಮೇಲಿದ್ದ ಉದ್ದನೆಯ ಕಬ್ಬಿಣದ ಕೀಲಿಯನ್ನು ಎತ್ತಿ, ತಂಡದ ತೆಳ್ಳಗಿನವನೊಬ್ಬನ ಹೆಗಲಿಗೆ ಇಟ್ಟ. "ಲೇ ಕಡ್ಡಿ, ಇವರ ಜೊತೆ ಓಡು. ನಾವು ಅಗೀತಾ ಇರ್ತೀವಿ."

ಅವನು ಪೂರ್ತಿ ನಂಬಿರಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು.

ಸೇತುವೆಗೆ ಅರ್ಧ ಮೈಲಿ. ಕಡ್ಡಿ ಮುಂದೆ, ಅವಳು ಹಿಂದೆ, ಪಕ್ಕೆ ಹಿಡಿದುಕೊಂಡು. ಮುಚ್ಚಳ ಎತ್ತಿದಾಗ ಎಡಗಡೆಯ ಇಟ್ಟಿಗೆ ಸಡಿಲವಾಗಿಯೇ ಇತ್ತು. ಕಡ್ಡಿ ಅದನ್ನು ನೋಡಿದ, ಅವಳನ್ನು ನೋಡಿದ, ಕೀಲಿಯ ಒಂದು ತುದಿ ಹಿಡಿದ. "ನೀವು ತಿರುಗಿಸಿ ಅಕ್ಕ, ನಾನೂ ಕೈ ಹಾಕ್ತೀನಿ. ಎಣಿಸೋದು ನಂಗೆ ಬಿಡಿ."

ಒಂದು. ಎರಡು. ವಾಹನಗಳು ಪಕ್ಕದಲ್ಲೇ ಹಾರ್ನ್ ಹೊಡೆಯುತ್ತ ಹೋದವು. ಏಳು. ಎಂಟು. ಬೀದಿಯ ದಿಕ್ಕಿನಿಂದ ದೊಡ್ಡ ಸದ್ದೊಂದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳ ಕಿವಿ ಕಾಯುತ್ತಿತ್ತು. ಹನ್ನೊಂದಕ್ಕೆ ಕೀಲಿ ಕಚ್ಚಿತು. ಕಡ್ಡಿ ಮೈಭಾರ ಹಾಕಹೊರಟ.

"ಬೇಡ! ಹಿಂದೆ ಬಿಡು. ಇನ್ನೂ ಸ್ವಲ್ಪ. ಈಗ."

ತಿರುಗಿತು. ಹದಿನಾರು. ಹದಿನೇಳು. ಹದಿನೆಂಟಕ್ಕೆ ಕೀಲಿ ಗಟ್ಟಿಯಾಗಿ ನಿಂತಿತು.

"ಹದಿನೆಂಟೇ ಅಕ್ಕ," ಎಂದ ಕಡ್ಡಿ, ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂಬಂತೆ ಎರಡು ಸಲ.

ಪೈಪಿನಲ್ಲಿ ಉಳಿದ ಗ್ಯಾಸು ಖಾಲಿಯಾಗಿ ಮುಳ್ಳು ಕೆಂಪು ಗೆರೆಯಿಂದ ಇಳಿಯಲು ಇಪ್ಪತ್ತೇಳು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಜೋರಾಗಿ ಕೆಮ್ಮಲೂ ಇಲ್ಲ. ಆಮೇಲೆ ದಳದ ನಾಲ್ಕು ಜನ ಮುದುಕಿಯನ್ನು ಹಲಗೆಯ ಮೇಲೆ ಇಳಿಸಿ ತಂದರು. ದರ್ಜಿ ಅವಳ ಕಾಲಿನ ತೂಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಪಕ್ಕದಲ್ಲೇ ನಡೆದು ಬಂದ. ಮುದುಕಿ ಇನ್ನೂ ಅವನಿಗೆ ಬೈಯುತ್ತಿದ್ದಳು.

ಗ್ಯಾಸಮ್ಮ ಕಾಲುದಾರಿಯ ಅಂಚಿನಲ್ಲಿ ಕುಸಿದು ಕೂತಿದ್ದಳು. ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತ.

"ನಾಳೆ ಸುರಕ್ಷತಾ ಮಂಡಳಿಯವರು ಬರ್ತಾರೆ. ನಾನು ಕೇಳಿದ್ದನ್ನ ಹೇಳಲೇಬೇಕು."

"ಹೇಳಿ."

"ಕಾರ್ಡು ಕೊಡಿ."

ಕೊರಳಿಂದ ಗುರುತಿನ ಚೀಟಿ ತೆಗೆದುಕೊಟ್ಟಳು. ಅದನ್ನು ಜೇಬಿಗೆ ಹಾಕಿಕೊಂಡ ಮೇಲೂ ಅವನು ಏಳಲಿಲ್ಲ. ವಾಲ್ವ್ ಪಟ್ಟಿಯನ್ನು ಅವಳ ಮೊಣಕಾಲ ಮೇಲೆ ಬಿಡಿಸಿಟ್ಟ. "ನಲವತ್ತೊಂದು ಇದೆ. ನಾಳೆ ಇನ್ನೊಂದು ಬೀದಿ ಬಿರಿದ್ರೆ ನಾನು ಯಾರನ್ನ ಕೇಳಲಿ? ಯಾವುದು ನಿಜ, ಯಾವುದು ಸುಳ್ಳು, ಈಗಲೇ ಹೇಳಿಬಿಡಿ."

ಒಂದೊಂದಾಗಿ ಹೇಳಿದಳು. ನಿಜ. ನಿಜ. ಇದು ನಿಜ, ಆದರೆ ಪೂರ್ತಿ ಮುಚ್ಚಲ್ಲ. ಇದು ಸುಳ್ಳು. ಮುಗಿದಾಗ ಹದಿಮೂರನೆಯದೂ ಸೇರಿ ಐದರ ಸುತ್ತ ಗೆರೆ ಎಳೆದಿದ್ದಳು. ತಾನು ಅಗೆದು ನೋಡದೆ ಅಪ್ಪನ ಅಳತೆಯನ್ನೇ ನಕಲು ಮಾಡಿದ್ದ ಈ ಐದರಲ್ಲಿ ಯಾವುದು ಎಲ್ಲಿ ತಪ್ಪಿದೆ ಎಂಬುದು ಅಪ್ಪನಿಗೆ ಮಾತ್ರ ಗೊತ್ತು ಎಂದು ಆಗ ಹೊಳೆಯಿತು.

ಫೋನು ತೆಗೆದಳು. ಮೊದಲ ರಿಂಗಿಗೇ ಅಪ್ಪ ಎತ್ತಿದ.

"ಇಳಿಸಿದ್ರಾ ಅವರನ್ನ?"

"ಇಳಿಸಿದ್ರು. ಅಪ್ಪಾ, ನಿಮ್ಮದೂ ಹೇಳಬೇಕು. ಎಲ್ಲಾನೂ."

"ನನ್ನ ಹೆಸರು ಹೋಗುತ್ತೆ ಮಗಳೇ."

"ನಂದು ಹೋಯ್ತು."

ಆ ಕಡೆ ಮತ್ತೆ ಕುರ್ಚಿ ಎಳೆದ ಸದ್ದಾಯಿತು.

"ಪೆನ್ನು ಇದೆಯಾ? ಬರ್ಕೋ. ಆರನೇದು, ಪಾಠಶಾಲೆ ಹಿಂದಿಂದು…"