ಅಕ್ಕ ತೊಳೆದ ಫಿಲ್ಟರು

ಜಮೀನಿನ ಪಾಲಿನ ಜಗಳದಲ್ಲಿ ಮಾತು ಬಿಟ್ಟಿದ್ದ ಅಕ್ಕ, ಅಕ್ಕಯ್ಯಮ್ಮ, ಒಂಬತ್ತು ವರ್ಷದ ಮೇಲೆ ಕೆಂಗೇರಿ ಉಪನಗರದ ನನ್ನ ಮನೆಗೆ ಬಂದಳು. ಕಾಫಿ ಕುಡಿದಳು. ಸುಮ್ಮನೆ ಕೂರುವ ಜಾಯಮಾನವೇ ಅವಳದಲ್ಲ. ಎದ್ದುಹೋಗಿ ಮೀನು ಸಾಕಿದ್ದ ನನ್ನ ಆರಡಿ ತೊಟ್ಟಿಯ ಮೇಲಿದ್ದ ಫಿಲ್ಟರ್ ಡಬ್ಬಿ ತೆರೆದಳು.

"ಥೂ, ಏನೋ ಭೈರೇಶ ಇದು ಗಲೀಜು!"

ಒಳಗಿನ ಸ್ಪಂಜಿಗೆ ಸೋಪು ಹಾಕಿ ಉಜ್ಜಿ ಬಿಸಿಲಿಗೆ ಹಾಕಿದಳು. ಹಾಗೆ ತೊಳೆಯಬಾರದೆಂದು ನನಗೆ ಗೊತ್ತಿತ್ತು. ತಡೆಯಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಬಳೆಯ ಸದ್ದು ಕೇಳಿರಲಿಲ್ಲ.

ಬೇಜಾರಾದಾಗಲೆಲ್ಲ ಒಂದೊಂದು ಮೀನು ತಂದು ನಲವತ್ತು ಮಾಡಿಕೊಂಡಿದ್ದೆ. ನಾಲ್ಕೇ ದಿನದಲ್ಲಿ ಹದಿನೇಳು ಸತ್ತವು.

"ಸ್ಪಂಜಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಎಲ್ಲ ಹೋಗ್ಬಿಟ್ಟಿದೆ ಸಾರ್. ಅದಿಲ್ದೆ ಮೀನಿನ ಹೊಲಸೇ ಮೀನಿಗೆ ವಿಷ," ಎಂದ ಮೀನಿನಂಗಡಿಯ ಕಶ್ಯಪ್. "ಸೋಪು ಹಾಕಿದ್ಯಾರು?"

"ನಾನೇ."

"ಇಷ್ಟು ವರ್ಷ ಮೀನು ಸಾಕಿದೋರು, ನೀವಾ?" ಎಂದು ನಕ್ಕ. ಕೆನ್ನೆಗೆ ಎರಡು ಬಿಗಿಯೋಣ ಅನ್ನಿಸಿತು. ಅಕ್ಕನ ಹೆಸರು ಮಾತ್ರ ಬಾಯಿಬಿಡಲಿಲ್ಲ. ಈ ಸುದ್ದಿ ಕಿವಿಗೆ ಬಿದ್ದರೆ ಅವಳು ಮತ್ತೆ ನನ್ನ ಹೊಸಿಲು ತುಳಿಯುವುದಿಲ್ಲ.

ಇಷ್ಟೊಂದು ಮೀನಿಗೆ ಮೇಲಿನ ಡಬ್ಬಿ ಯಾವತ್ತೂ ಸಾಲದು, ತೊಟ್ಟಿಯ ಕೆಳಗೆ ಇನ್ನೊಂದು ಗಾಜಿನ ತೊಟ್ಟಿ ಇಟ್ಟು ನೀರು ಸೋಸುವ ಸಂಪ್ ಫಿಲ್ಟರೇ ಸರಿ ಎಂದ. ನೋಡಿದೆ. ಮೇಲೆ ಮುಚ್ಚಳವಿಲ್ಲ, ಕೈ ಹಾಕಿದರೆ ಸ್ಪಂಜು ಸಿಗುತ್ತದೆ. ಅಕ್ಕನಿಗೆ ಅಷ್ಟು ಸಾಕು. ಪಕ್ಕದಲ್ಲಿದ್ದ ಕ್ಯಾನಿಸ್ಟರ್ ಫಿಲ್ಟರು ಬಿಗಿ ಮುಚ್ಚಳದ ಡ್ರಮ್ಮು, ತೊಟ್ಟಿಯ ಕೆಳಗಿನ ಬೀರುವಿನೊಳಗೆ ಅಡಗಿ ಕೂರುತ್ತದೆ.

"ಇದೇ ದೊಡ್ಡದು ಕೊಡು."

"ಇದು ಸಂಪಿನಷ್ಟು ಸೋಸಲ್ಲ ಸಾರ್."

"ಕೊಡಯ್ಯಾ ಅಂದ್ರೆ!"

ಒಳ್ಳೇ ಬ್ಯಾಕ್ಟೀರಿಯಾ ಸಿಗಲೆಂದು ತನ್ನ ಅಂಗಡಿಯ ಹಳೇ ಫಿಲ್ಟರಿನ ಸ್ಪಂಜನ್ನೇ ಅದರೊಳಗಿಟ್ಟು, ಮನೆಗೆ ಬಂದು ಕೂರಿಸಿದ. ಮೇಲಿನ ಡಬ್ಬಿಯನ್ನು ಕಿತ್ತು, "ಇದನ್ನ ಬಿಸಾಕ್ಲಾ?" ಎಂದು ಕೇಳುವಾಗ ಫೋನ್ ಬಂತು. ಅಕ್ಕ.

"ಭಾನುವಾರ ಬರ್ತೀನಿ ಕಣೋ. ಆ ಸ್ಪಂಜು ಮತ್ತೆ ಕೊಳೆಯಾಗಿರುತ್ತಲ್ಲ, ಅದಕ್ಕೆ."

ನಮ್ಮ ಮನೆತನದವರೇ ಹೀಗೆ, ನೆಪವಿಲ್ಲದೆ ಯಾರ ಬಾಗಿಲಿಗೂ ಹೋಗುವವರಲ್ಲ. ನಾನೂ ಒಂಬತ್ತು ವರ್ಷ ಅವಳ ಬಾಗಿಲಿಗೆ ಹೋಗಿರಲಿಲ್ಲ.

"ಮೀನು ಹೆಂಗವೆ?"

"ಚೆನ್ನಾಗವೆ. ಬಾ ಅಕ್ಕ."

ಡಬ್ಬಿಯನ್ನು ಇದ್ದಲ್ಲೇ ಕೂರಿಸಲು ಹೇಳಿದೆ. ಎರಡೆರಡು ಯಾಕೆಂದು ಕಶ್ಯಪ್ ಗೊಣಗಿದ. ಇನ್ನು ಅದನ್ನು ಹೇಗೆ ತೊಳೆದರೂ ತೊಂದರೆಯಿಲ್ಲ, ಸೋಪು ಮಾತ್ರ ಬೇಡ ಎಂದು ಹೇಳಿಹೋದ. ಮನೆಯ ಸೋಪನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕಿದೆ.

ಭಾನುವಾರ ಬೆಳಿಗ್ಗೆ ಡಬ್ಬಿ ತೆರೆದು ನೋಡಿದರೆ ಸ್ಪಂಜು ಚೊಕ್ಕಟ. ಕೊಳೆಯನ್ನೆಲ್ಲ ಹೊಸ ಫಿಲ್ಟರೇ ನುಂಗಿಬಿಟ್ಟಿತ್ತು. ಅಕ್ಕ ಬಸ್ಸು ಹತ್ತಿದ್ದೇನೆಂದು ಆಗಲೇ ಫೋನ್ ಮಾಡಿದ್ದಳು. ಡಬ್ಬಿಯ ಮೋಟರು ಆರಿಸಿ, ದಾಸವಾಳದ ಕುಂಡದಿಂದ ಒಂದು ಹಿಡಿ ಮಣ್ಣು ತಂದು ನೀರಲ್ಲಿ ಕಲಸಿ, ಆ ಸ್ಪಂಜಿಗೆ ಚೆನ್ನಾಗಿ ಮೆತ್ತಿದೆ.