ರಬ್ಬರ್ ಪಟ್ಟಿಗೆ ಸುತ್ತಿದ ಸ್ಪಂಜು

ಅಂತ್ಯಕ್ರಿಯೆ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಗು. ಅಭ್ಯಾಸಬಲದಿಂದ ಎರಡು ಬುತ್ತಿ ಕಟ್ಟಿದೆ. ಒಂದನ್ನು ಬಿಚ್ಚಿದೆ.

ಇನ್ನೊಂದು ಮೈದುನನದು. ನನ್ನ ಗಂಡ ದುಡಿಯುತ್ತಿದ್ದ ಗೋದಾಮಿಗೇ ಅವನೂ ಹೋಗುತ್ತಾನೆ. ಅಲ್ಲಿ ಪೆಟ್ಟಿಗೆ ಹೊತ್ತು ತಾವೇ ಓಡಾಡುವ ರೋಬೋಟ್ ಬಂಡಿಗಳಿವೆ. ಬಂಡಿಯ ಸುತ್ತ ರಬ್ಬರ್ ಪಟ್ಟಿ. ಅದಕ್ಕೆ ಏನೇ ತಾಗಲಿ, ಬಂಡಿ ನಿಲ್ಲಬೇಕು. ಪೆಟ್ಟಿಗೆಯ ಮೂಲೆ ಸೋಕಿದರೂ ನಿಂತು ಕೆಲಸ ತಡವಾಗುತ್ತದೆಂದು ನನ್ನ ಗಂಡ ಪಟ್ಟಿಗೆ ದಪ್ಪ ಸ್ಪಂಜು ಸುತ್ತಿದ್ದರು. ಅವರು ಬಗ್ಗಿದ್ದಾಗ ಹಿಂದಿನಿಂದ ಬಂದ ಬಂಡಿ ನಿಲ್ಲಲಿಲ್ಲ.

"ನಿನ್ನ ಬಂಡಿಗೂ ಸ್ಪಂಜಿದೆಯಾ?" ಎಂದು ಕೇಳಿದೆ.

"ಇದೆ ಅತ್ತಿಗೆ. ಅಣ್ಣಾನೇ ಸುತ್ಕೊಟ್ಟಿದ್ದು. ಇಲ್ದಿದ್ರೆ ಅದು ಮುಟ್ಟಿದರೆ ಮುನಿ ಗಿಡಾನೇ. ಬಂಡೀಲಿ ಕ್ಯಾಮೆರಾ ಇದ್ಯಲ್ಲ, ಅದು ನೋಡ್ಕೊಳ್ಳುತ್ತೆ."

ನನ್ನ ಗಂಡನ ಚೀಲ ಕೊಡಲು ಗೋದಾಮಿನ ಮೆಕ್ಯಾನಿಕ್ ಅಕ್ಕ ಬಂದಿದ್ದರು. "ಅವತ್ತು ಕ್ಯಾಮೆರಾಕ್ಕೆ ಪೆಟ್ಟಿಗೆ ಅಡ್ಡ ಬಂದಿತ್ತಪ್ಪ. ಕೈ ಕೊಡಿಲ್ಲಿ," ಎಂದವರು ಒಲೆ ಪಕ್ಕದ ಮಸಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಅಂಗೈ ಮೇಲಿಟ್ಟರು. "ಕಣ್ಮುಚ್ಚು. ಮುಟ್ಟಿದ ಕೂಡ್ಲೇ ಹೇಳು."

ಬೆರಳು ಬಟ್ಟೆಯ ಮೇಲಿಳಿಯಿತು. ಅವನು ಸುಮ್ಮನಿದ್ದ. ಒತ್ತುತ್ತಾ ಹೋದರು. ಕೈ ಕೆಳಕ್ಕೆ ಜಗ್ಗಿದಾಗ "ಈಗ!" ಅಂದ.

"ಈಗ ತಳ್ಳಿದ್ದು. ಮುಟ್ಟಿ ಆಗ್ಲೇ ಎಷ್ಟೋ ಹೊತ್ತಾಯ್ತು ಮಾರಾಯ."

ಅವನು ಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟ. "ಸ್ಪಂಜು ತೆಗೆದ್ಮೇಲೆ ಬಂಡಿ ಮತ್ತೆ ಸುಮ್‌ಸುಮ್ನೆ ನಿಂತ್ರೆ?"

"ನನ್ನ ಕರಿ. ಎಷ್ಟು ತಾಗಿದ್ರೆ ನಿಲ್ಬೇಕು ಅಂತ ಸರಿ ಮಾಡ್ಕೊಡ್ತೀನಿ. ನಾನಿರೋದ್ಯಾಕೆ, ಟೀ ಕುಡಿಯೋಕಾ?"

ಅವನ ಬುತ್ತಿಯ ಜೊತೆಗೆ ಕತ್ತರಿ ಇಟ್ಟೆ. ಸ್ಪಂಜು ಕತ್ತರಿಸಲು ನನ್ನ ಗಂಡ ಪಕ್ಕದ ಮನೆಯ ದರ್ಜಿ ಮಾವನಿಂದ ತಂದಿದ್ದ ಕತ್ತರಿ.

ಸಂಜೆ ಅವನು ಬಂದ. "ಎಲ್ಲಾ ಬಂಡೀದೂ ತೆಗೆದ್ವಿ ಅತ್ತಿಗೆ. ಹೋಗ್ತಿರೋ ಬಂಡಿಗೆ ಪಕ್ಕದಿಂದ ಖಾಲಿ ಡಬ್ಬ ತಾಗಿಸಿ ನೋಡಿದ್ವಿ. ತಾಗಿದ್ದೇ ತಡ, ನಿಂತ್ಕೊಂತು."

ನಿಮ್ಮ ಮನೆಯವರೂ ಇಂಥ ಬಂಡಿಗಳ ನಡುವೆ ದುಡಿಯುತ್ತಿದ್ದರೆ ಇವತ್ತೇ ಕೇಳಿ. ಪಟ್ಟಿಯ ಮೇಲೆ ಸ್ಪಂಜು, ರಟ್ಟು, ಟೇಪು ಏನೂ ಇರಬಾರದು. ದಿನಾ ಕೆಲಸಕ್ಕೆ ಮುಂಚೆ ಪಟ್ಟಿಯನ್ನು ಪರೀಕ್ಷಿಸಲಿ. ನಿಲ್ಲದ ಬಂಡಿಯನ್ನು ಓಡಿಸದಿರಲಿ. ಪದೇಪದೇ ನಿಲ್ಲುವುದನ್ನು ಮೆಕ್ಯಾನಿಕ್‌ಗೆ ತೋರಿಸಲಿ. ನನ್ನ ಗಂಡ ಕತ್ತರಿ ತಂದಾಗ ಯಾಕೆಂದು ನಾನು ಕೇಳಿರಲಿಲ್ಲ. ನೀವು ಕೇಳಿ.

ಆಮೇಲೆ ಕತ್ತರಿಯನ್ನು ದರ್ಜಿ ಮಾವನಿಗೆ ಹಿಂದಿರುಗಿಸಿದೆ. ಅಲಗನ್ನು ಹೆಬ್ಬೆರಳಿಂದ ಸವರಿದರು. "ಬಟ್ಟೆ ಬಿಟ್ಟು ಬೇರೇದಕ್ಕೆ ಹಾಕ್ಬೇಡ ಅಂತ ನಿನ್ನ ಗಂಡನಿಗೆ ಎಷ್ಟು ಬಡ್ಕೊಂಡೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಮೊಂಡಾಗಿದೆಯಾ ಮಾವ?"

"ಇಲ್ಲಮ್ಮ," ಅಂದರು. "ಚೆನ್ನಾಗೇ ಇದೆ."