ನೋಡದೆ ಹೇಳಿದ ಸಾಕ್ಷಿ

ತಕ್ಕಡಿ ರಿಪೇರಿ ಮಾಡುವವನನ್ನು ಅಂಗಡಿಯವರೆಲ್ಲ ನಗುನಗುತ್ತಾ ಮಾತಾಡಿಸುತ್ತಾರೆ, ಬೆನ್ನು ತಿರುಗಿಸಿದ ಮೇಲೆ ಶಾಪ ಹಾಕುತ್ತಾರೆ. ಇವನಿಗೆ ಅದು ಅಭ್ಯಾಸವಾಗಿಹೋಗಿತ್ತು. ತಕ್ಕಡಿಯ ಮುಳ್ಳನ್ನೇ ದಿಟ್ಟಿಸುತ್ತಾ ದಿನ ಕಳೆಯುವವನಾದ್ದರಿಂದ ಪೇಟೆಬೀದಿಯವರು ಅವನಿಗೆ ಮುಳ್ಳಣ್ಣ ಎಂದೇ ಹೆಸರಿಟ್ಟಿದ್ದರು. ಸ್ವಭಾವವೂ ಅದಕ್ಕೆ ತಕ್ಕ ಹಾಗೇ ಇತ್ತೆನ್ನಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಸಿಡುಕು, ಸಾರಿಗೆ ಉಪ್ಪು ಹೆಚ್ಚಾದರೆ ಸಿಡುಕು. ಇತ್ತೀಚೆಗೆ ಹೆಂಡತಿ ಪಾತ್ರೆ ತೊಳೆಯುವಾಗ ನಲ್ಲಿಯನ್ನು ಸುಮ್ಮನೆ ಬಿಟ್ಟುಕೊಂಡು ನಿಲ್ಲುವ ಚಾಳಿ ಕಲಿತಿದ್ದಳು, ಅದಕ್ಕಂತೂ ದಿನಾ ಸಿಡುಕು. "ನೀರೇನು ನಿಮ್ಮಪ್ಪನ ಮನೇದಾ?" ಎಂದು ಹೊರಗಿನ ಕೋಣೆಯಿಂದಲೇ ಕೂಗುತ್ತಿದ್ದ. ಅವಳು ಮರುಮಾತಾಡದೆ ನಲ್ಲಿ ನಿಲ್ಲಿಸುತ್ತಿದ್ದಳು.

ಕೆಲಸದಲ್ಲಿ ಮಾತ್ರ ಅವನ ಮೇಲೆ ಬೆರಳು ತೋರಿಸುವಂತಿರಲಿಲ್ಲ. ತಕ್ಕಡಿ ಕೈಗೆ ಬಂದರೆ ಮೊದಲು ಎರಡೂ ತಟ್ಟೆಗಳನ್ನು ಖಾಲಿ ಮಾಡಿ ಮುಳ್ಳು ನಡುವೆ ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದ. ಆಮೇಲೆ ಎರಡೂ ಕಡೆ ಸಮತೂಕ ಇಟ್ಟು ನೋಡುತ್ತಿದ್ದ, ಆಮೇಲೆ ಆ ತೂಕಗಳನ್ನು ಅದಲುಬದಲು ಮಾಡಿ ನೋಡುತ್ತಿದ್ದ. ಸುಳ್ಳು ಹೇಳುವ ತಕ್ಕಡಿ ಈ ಮೂರರಲ್ಲಿ ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳುತ್ತಿತ್ತು. ಇಷ್ಟೆಲ್ಲ ನೋಡದೆ ಯಾವ ತಕ್ಕಡಿಯನ್ನೂ ಅವನು ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ.

ಆ ಮಧ್ಯಾಹ್ನ ಅವನು ದಿನಸಿ ಅಂಗಡಿಯ ತಕ್ಕಡಿಯನ್ನು ಬಿಚ್ಚಿ ಕೂತಿದ್ದಾಗ ನಾದಿನಿ ಬಂದಳು. ಬೆಳಿಗ್ಗೆ ಅಕ್ಕ ಸ್ನಾನದ ಮನೆಯಲ್ಲಿ ಕುಸಿದು ಬಿದ್ದಳೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವಳು ಅವಳೇ. ಸುಸ್ತಿರಬೇಕು ಎಂದುಕೊಂಡು ಇವನು ಅಂಗಡಿ ತೆರೆದಿದ್ದ. ನಾದಿನಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಮುಸುಮುಸು ಅಳುವುದಕ್ಕೆ ಶುರುಮಾಡಿದಳು.

"ಮತ್ತೆ ಬಂದಿದೆ ಭಾವ. ಎಲುಬಿಗೆಲ್ಲ ಹಬ್ಬಿದೆಯಂತೆ. ಇನ್ನು ಏನೂ ಮಾಡಕ್ಕಾಗಲ್ಲ ಅಂದ್ರು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಏನು ಬಂದಿದೆ? ಅದು ವಾಸಿಯಾಗಿ ವರ್ಷ ಆಯ್ತಲ್ಲ."

"ಡಾಕ್ಟ್ರು ನನ್ನ ಮುಖಕ್ಕೆ ಹೊಡೆದ ಹಾಗೆ ಕೇಳಿದ್ರು, ತಪಾಸಣೆಗೆ ಬನ್ನಿ ಅಂದ್ರೂ ಒಂದು ಸಲಾನಾದ್ರೂ ಬಂದ್ರಾ ಅಂತ. ಅಕ್ಕಂಗೆ ಗೊತ್ತಿತ್ತು ಭಾವ. ತಿಂಗಳುಗಟ್ಟಲೆ ನೋವು ತಿಂದಿದ್ದಾಳೆ. ಯಾಕೆ ಹೇಳಲಿಲ್ಲ ಅಂತ ನೀವೇ ಕೇಳಿ."

ಯಾಕಿರಬಹುದೆಂದು ಅವನಿಗೆ ಆಗಲೇ ಹೊಳೆದಿತ್ತು.

ಹಿಂದಿನ ವರ್ಷ ಅವಳ ಎದೆಯಲ್ಲಿ ಗಡ್ಡೆ ಕಾಣಿಸಿ, ಅದನ್ನು ತೆಗೆದು, ಕೂದಲೆಲ್ಲ ಉದುರುವಷ್ಟು ಔಷಧಿ ಕೊಟ್ಟಿದ್ದರು. ಚರ್ಚಿನ ಸಭೆಯವರು ಉಪವಾಸವಿದ್ದು ಪ್ರಾರ್ಥನೆ ಮಾಡಿದ್ದರು. ಸಭಾಪಾಲಕರು ಮನೆಗೆ ಬಂದು ಅವಳ ತಲೆಗೆ ಎಣ್ಣೆ ಹಚ್ಚಿ, ಕೈಯಿಟ್ಟು ಬೇಡಿಕೊಂಡಿದ್ದರು. ಅದಾದ ಮೇಲೆ ಒಂದು ಬೆಳಿಗ್ಗೆ ಎದ್ದು ಅವಳು "ಇವತ್ತು ನೋವಿಲ್ಲ ಕಣ್ರೀ" ಎಂದಳು. ಅಷ್ಟೇ ಅವಳು ಹೇಳಿದ್ದು.

ಅವರ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ಪದ್ಧತಿ. ದೇವರು ಏನು ಮಾಡಿದನೆಂದು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಮುಳ್ಳಣ್ಣ ಜನ್ಮದಲ್ಲಿ ಎದ್ದವನಲ್ಲ, ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವವನು. ಆ ಭಾನುವಾರ ಮಾತ್ರ ಎದ್ದ. "ಕರ್ತನು ನನ್ನ ಹೆಂಡತಿಯನ್ನು ಪೂರ್ತಿ ಗುಣಪಡಿಸಿದ್ದಾನೆ. ಇನ್ನು ನಾವು ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ" ಎಂದುಬಿಟ್ಟ. ಒಂದು ಸೇರಿನ ತಕ್ಕಡಿಯನ್ನೂ ಮೂರು ಸಲ ನೋಡುವ ಪುಣ್ಯಾತ್ಮ, ಹೆಂಡತಿಯ ಜೀವವನ್ನು ಒಂದು ಸಲವೂ ನೋಡದೆ ಸರಿಯಿದೆ ಎಂದು ಹೇಳಿ ಕೂತ. ಸಭೆಯೆಲ್ಲ "ಸ್ತೋತ್ರ! ಸ್ತೋತ್ರ!" ಎಂದು ಕೂಗಿತು. ಅಷ್ಟು ಜನ ತನ್ನ ಮಾತಿಗೆ ಕಣ್ಣೀರು ಹಾಕಿದ್ದನ್ನು ಕಂಡು ಅವನಿಗೆ ಎಂದೂ ಇಲ್ಲದ ಹಿಗ್ಗಾಯಿತು. ಪಕ್ಕದಲ್ಲಿ ಕೂತವಳ ಮುಖವನ್ನು ಅವನು ನೋಡಲಿಲ್ಲ.

ಅತ್ತವರಲ್ಲಿ ಗುಜರಿಯವನೂ ಒಬ್ಬ. ಹಳೇ ಕಬ್ಬಿಣ, ಹಳೇ ಕಾಗದ ಕೊಳ್ಳುವ ಅವನು ತೂಕದಲ್ಲಿ ಮಹಾ ಖದೀಮ. ತೂಕದ ಕಲ್ಲು ಇಡುವ ತಟ್ಟೆಯ ಅಡಿಗೆ ಸೀಸದ ತುಂಡು ಅಂಟಿಸಿದ್ದ. ತಕ್ಕಡಿ ಖಾಲಿ ಇದ್ದರೆ ವಾಲಿರುವುದು ಕಾಣುತ್ತದಲ್ಲ, ಅದಕ್ಕೆ ಎದುರು ತಟ್ಟೆಯಲ್ಲಿ ಯಾವಾಗಲೂ ಒಂದು ಮುರುಕು ಕಬ್ಬಿಣ ಮರೆತುಬಿಟ್ಟವನ ಹಾಗೆ ಇಟ್ಟಿದ್ದು, ತೂಗುವ ಹೊತ್ತಿಗೆ ಎತ್ತಿಬಿಡುತ್ತಿದ್ದ. ಹೆಂಡತಿಯ ಕಾಟ ತಾಳಲಾರದೆ ಸಭೆಗೆ ಬಂದು ಬಾಗಿಲ ಬಳಿ ಆಕಳಿಸುತ್ತಾ ಕೂತಿದ್ದವನು, ಮುಳ್ಳಣ್ಣನ ಸಾಕ್ಷಿ ಕೇಳಿ ಮಗುವಿನ ಹಾಗೆ ಅತ್ತ. ಮುಂದೆ ದೀಕ್ಷಾಸ್ನಾನವನ್ನೂ ಮಾಡಿಸಿಕೊಂಡ. ಸ್ನಾನವಾದ ಮರುದಿನ ತಾನೇ ತಕ್ಕಡಿ ಹೊತ್ತುಕೊಂಡು ಬಂದು, ಸೀಸದ ತುಂಡನ್ನು ಕಿತ್ತು ಮೇಜಿನ ಮೇಲಿಟ್ಟು, "ಇದನ್ನ ನೀನೇ ಇಟ್ಕೋ ಅಣ್ಣ, ನನ್ನ ಕಣ್ಣಿಗೆ ಬೀಳ್ಬಾರ್ದು" ಎಂದ. ಮುಳ್ಳಣ್ಣ ಅದನ್ನು ಮೇಜಿನ ಖಾನೆಯೊಳಗೆ ಹಾಕಿದ್ದ. ಆಗಾಗ ಖಾನೆ ತೆರೆದು ಅದನ್ನು ನೋಡುವುದೆಂದರೆ ಅವನಿಗೊಂದು ಖುಷಿ.

ಆ ಸಂಜೆ ಅವನು ಮನೆಗೆ ಹೋದಾಗ ಹೆಂಡತಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಮುಂದೆ ನಿಂತ.

"ನಂಗೆ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಜನರ ಮುಂದೆ ಬಾಯಿಬಿಟ್ಟಿದ್ದೇ ಅದೊಂದು ಸಲ. ಆ ಮಾತನ್ನ ನಾನು ಸುಳ್ಳು ಮಾಡ್ಲಾ?" ಎಂದಳು ಅವಳು. "ಮೊದಲು ನೋವು ಬಂದಾಗ ನನ್ನ ನಂಬಿಕೆನೇ ಸಾಲದು ಅಂದ್ಕೊಂಡೆ. ಇನ್ನೂ ಗಟ್ಟಿಯಾಗಿ ನಂಬಿದ್ರೆ ಹೋಗುತ್ತೆ ಅಂತ ಹಲ್ಲು ಕಚ್ಚಿದೆ. ಅಷ್ಟರಲ್ಲಿ ಆ ಗುಜರಿಯವ್ನು ಬದಲಾದ. ಅವನ ಹೆಂಡ್ತಿ ನನ್ನ ಕೈಹಿಡ್ಕೊಂಡು, ನಿಮ್ಮಿಂದ ನನ್ನ ಸಂಸಾರ ಉಳೀತು ಅಕ್ಕ ಅಂದ್ಲು. ಆಮೇಲೆ ಹೇಗ್ರೀ ಹೇಳೋದು?"

"ಇಷ್ಟು ದಿನ ಒಬ್ಬಳೇ ಹೇಗೆ ತಡ್ಕೊಂಡೆ?"

"ಒಬ್ಬಳೇ ಯಾಕೆ? ದೇವರಿಗೆ ಹೇಳ್ತಿದ್ದೆನಲ್ಲ. ಪಾತ್ರೆ ತೊಳೆಯೋವಾಗ ನಲ್ಲಿ ಬಿಟ್ಕೊಂಡು ಎಲ್ಲಾನೂ ಹೇಳ್ತಿದ್ದೆ. ನಿಮಗೆ ಕೇಳಿಸಬಾರದು ಅಂತ ನಲ್ಲಿ ಬಿಡ್ತಿದ್ದೆ." ಅವಳು ನಕ್ಕಳು. "ನೀವು ಬೈದಾಗೆಲ್ಲ ಮಾತು ಅರ್ಧಕ್ಕೇ ನಿಂತುಹೋಗ್ತಿತ್ತು."

ಮುಳ್ಳಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ತನ್ನ ಮೇಲೆ ಬಂದಷ್ಟು ಅಸಹ್ಯ ಯಾವ ಕಳ್ಳ ತೂಕದವನ ಮೇಲೂ ಬಂದಿರಲಿಲ್ಲ. "ನಂಗಿನ್ನು ಯಾವ ದೇವರೂ ಬೇಡ" ಎಂದ.

"ನಂಗೆ ಬೇಕು" ಎಂದಳು ಅವಳು. "ನಿಮ್ಮದು ನಿಮಗೆ. ಆದರೆ ಒಂದು ಕೆಲಸ ಮಾಡಿಕೊಡಿ. ಬರೋ ಭಾನುವಾರ ಸಾಕ್ಷಿ ಇದೆಯಲ್ಲ, ಎದ್ದು ನಿಂತು ನಿಜ ಹೇಳಿ. ನಾನು ಸತ್ತಮೇಲೆ ಬೇಡ, ನಾನು ಕೂತು ಕೇಳಿಸ್ಕೋಬೇಕು. ಇಲ್ಲದಿದ್ರೆ ಇವಳ ನಂಬಿಕೇನೇ ಸರಿಯಿರಲಿಲ್ಲ, ಅದಕ್ಕೇ ಸತ್ಲು ಅಂತಾರೆ. ಆ ಹೆಸರು ಹೊತ್ಕೊಂಡು ಹೋಗೋಕೆ ನಂಗಿಷ್ಟ ಇಲ್ಲ."

ಸುದ್ದಿ ಹೇಗೋ ಸಭಾಪಾಲಕರ ಕಿವಿಗೆ ಬಿದ್ದು, ಅವರು ಅಂಗಡಿಗೇ ಬಂದರು. ಕೆಟ್ಟ ಮನುಷ್ಯರಲ್ಲ ಪಾಪ, ಕರೆದಾಗಲೆಲ್ಲ ಓಡಿಬರುವವರು. ಬೇರೆ ಊರಿನ ಸಭೆಗಳಲ್ಲೂ ಅವರು ಈ ಸಾಕ್ಷಿಯನ್ನೇ ಹೇಳಿಕೊಂಡು ಬಂದಿದ್ದರು.

"ಹೊಸದಾಗಿ ನಂಬಿದವರಿದ್ದಾರೆ, ಅವರು ಎಡವಿ ಬೀಳ್ತಾರೆ. ಈಗ್ಲೂ ಕರ್ತನು ಏನು ಬೇಕಾದರೂ ಮಾಡಬಹುದು. ಸ್ವಲ್ಪ ಕಾಯಿರಿ" ಎಂದರು.

"ಕಾದು ಕಾದೇ ಇಲ್ಲಿಗೆ ಬಂದಿದ್ದು ಅಯ್ಯನವರೇ. ನನ್ನ ನಂಬಿಕೆ ಯಾವುದರ ಮೇಲೆ ನಿಂತಿತ್ತು, ಹೇಳಿ ನೋಡೋಣ."

"ದೇವರ ಮೇಲೆ."

"ಅಲ್ಲ. ಅವಳಿಗೆ ವಾಸಿಯಾಯ್ತು ಅನ್ನೋದರ ಮೇಲೆ. ಅದನ್ನ ತೆಗೆದಿಟ್ಟರೆ ಏನು ಉಳಿಯುತ್ತೆ?"

ಏನೂ ಉಳಿಯದೇನೋ ಎಂಬ ಹೆದರಿಕೆ ಸಭಾಪಾಲಕರ ಕಣ್ಣಲ್ಲೂ ಇತ್ತು. ಪ್ರಾರ್ಥನೆ ಮಾಡಲೋ ಎಂದು ಕೇಳಿ, ಇವನು ತಕ್ಕಡಿಯತ್ತ ತಿರುಗಿದ್ದನ್ನು ನೋಡಿ, ಎದ್ದು ಹೋದರು.

ಅವರು ಹೋದ ಮೇಲೆ ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಯೋಚಿಸಿದ. ತಟ್ಟೆ ಖಾಲಿ ಮಾಡುತ್ತಾ ಹೋದ. ವಾಸಿಯಾದದ್ದನ್ನು ತೆಗೆದ. ಅಮ್ಮ ಕಲಿಸಿದಳು ಅನ್ನುವುದನ್ನು ತೆಗೆದ, ಅದು ಅಮ್ಮನದು, ತನ್ನದಲ್ಲ. ಭಾನುವಾರದ ರೂಢಿಯನ್ನು ತೆಗೆದ. ನರಕದ ಹೆದರಿಕೆಯನ್ನೂ, ಜನ ತನ್ನನ್ನು ದೊಡ್ಡ ವಿಶ್ವಾಸಿ ಅನ್ನಲಿ ಎಂಬ ಆಸೆಯನ್ನೂ ತೆಗೆದ. ಗುಜರಿಯವನು ಇಡುತ್ತಿದ್ದ ಮುರುಕು ಕಬ್ಬಿಣದ ಹಾಗೆ ತಾನೂ ಇಷ್ಟು ವರ್ಷ ಒಂದಲ್ಲ ಒಂದನ್ನು ತಟ್ಟೆಯಲ್ಲಿ ಇಟ್ಟುಕೊಂಡೇ ಬಂದಿದ್ದೆ ಅನಿಸಿತು. ಎಲ್ಲ ತೆಗೆದ ಮೇಲೆ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಶಿಲುಬೆಯ ಮೇಲೆ ಕೂಗಿದವನೊಬ್ಬ ಉಳಿದ. ಅವನಿಗೂ ಆ ಹೊತ್ತಿನಲ್ಲಿ ಉತ್ತರ ಸಿಕ್ಕಿರಲಿಲ್ಲ. ಇದರಿಂದ ಸಮಾಧಾನವೇನೂ ಆಗಲಿಲ್ಲ.

ಭಾನುವಾರ ಬಾಡಿಗೆ ಗಾಡಿ ತರಿಸಿ, ನಾದಿನಿಯೂ ಅವನೂ ಸೇರಿ ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದರು. ಸಾಕ್ಷಿಯ ಹೊತ್ತು ಬಂದಾಗ ಮುಳ್ಳಣ್ಣ ಎದ್ದ. ಮುಂದಿನ ಬೆಂಚಿನಿಂದ ಗುಜರಿಯವನು ಆಸೆಯಿಂದ ತಿರುಗಿ ನೋಡಿದ.

"ಹೋದ ವರ್ಷ ಇಲ್ಲಿ ನಿಂತು ನಾನೊಂದು ಸಾಕ್ಷಿ ಹೇಳಿದೆ. ಅದು ಸುಳ್ಳು. ಬೇಕು ಅಂತ ಹೇಳಿದ ಸುಳ್ಳಲ್ಲ, ನೋಡದೆ ಹೇಳಿದ್ದು. ಇವಳಿಗೆ ಗುಣವಾಗಿಲ್ಲ. ನನ್ನ ಮಾತು ಉಳಿಸೋದಕ್ಕೆ ನೋವು ಮುಚ್ಚಿಟ್ಟಳು. ಈಗ ಸಾಯ್ತಿದ್ದಾಳೆ. ಅವಳ ನಂಬಿಕೆಯಲ್ಲಿ ಕೊರತೆ ಇರಲಿಲ್ಲ. ತಪ್ಪು ನನ್ನದು."

ಸ್ತೋತ್ರ ಎಂದು ಯಾರೂ ಅನ್ನಲಿಲ್ಲ. ಯಾರೋ ಹೆಂಗಸು ನಾಲಿಗೆ ಲೊಚಗುಟ್ಟಿದಳು. ಗುಜರಿಯವನು ಎದ್ದು, ಯಾರ ಮುಖವನ್ನೂ ನೋಡದೆ, ಬಾಗಿಲು ದಾಟಿ ಹೋದ. ಸಭಾಪಾಲಕರು ಹಾಡು ಎತ್ತಿದರು, ಅರ್ಧ ಜನ ಮಾತ್ರ ದನಿಗೂಡಿಸಿದರು. ಅವನು ಕೂತಾಗ ಹೆಂಡತಿ ಅವನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಈಗ ಸರಿ" ಎಂದಳು.

ಅವಳು ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಕೊನೆಕೊನೆಗೆ ಮಾತು ಹೊರಡದೆ ಬರೀ ತುಟಿ ಅಲ್ಲಾಡುತ್ತಿತ್ತು. ಅವನು ಕಿವಿ ಹತ್ತಿರ ಇಟ್ಟು ಎಷ್ಟೋ ಹೊತ್ತು ಕೂತ, ಒಂದು ಅಕ್ಷರವೂ ತಿಳಿಯಲಿಲ್ಲ. ಮಣ್ಣು ಮಾಡುವಾಗ ಸಭೆಯಿಂದ ಬಂದವರು ಬೆರಳೆಣಿಕೆಯಷ್ಟು ಮಂದಿ.

ಅವನು ಮತ್ತೆ ಅಂಗಡಿ ತೆರೆದ ದಿನ ಗುಜರಿಯವನು ಬಂದ. ಬಾಗಿಲಲ್ಲೇ ನಿಂತ.

"ಆ ಸೀಸದ ತುಂಡು ನಿನ್ನ ಹತ್ರ ಇದೆಯಲ್ಲ, ಕೊಡು."

ಮುಳ್ಳಣ್ಣ ಅವನನ್ನೇ ನೋಡಿದ. "ಯಾಕೋ?"

"ಯಾಕೆ ಅಂದ್ರೆ? ನೀನು ಹೇಳಿದ್ದೇ ಸುಳ್ಳಾದ್ಮೇಲೆ ನಾನೊಬ್ಬ ಯಾಕೆ ಸತ್ಯವಂತನಾಗಿರ್ಬೇಕು? ಅತ್ತಿಗೆ ಬದುಕಿದ್ದಿದ್ರೆ ನಾನು ಒಳ್ಳೇವನಾಗೇ ಇರ್ತಿದ್ದೆ ಅಣ್ಣ."

"ನಾನೂ ಅಷ್ಟೇ" ಎಂದ ಮುಳ್ಳಣ್ಣ.

ಮುಳ್ಳಣ್ಣ ಇನ್ನೇನಾದರೂ ಹೇಳುತ್ತಾನೇನೋ ಎಂದು ಗುಜರಿಯವನು ಕಾದು ನಿಂತ. ತನ್ನನ್ನು ತಡೆಯುವಂಥ ಒಂದು ಮಾತು ಅವನಿಗೆ ಬೇಕಿತ್ತು, ಅದು ಮುಳ್ಳಣ್ಣನಿಗೂ ತಿಳಿಯುತ್ತಿತ್ತು. ಆದರೆ ಅಂಥ ಮಾತು ಅವನಲ್ಲಿ ಇರಲಿಲ್ಲ, ಇಲ್ಲದ್ದನ್ನು ಇನ್ನೊಮ್ಮೆ ಹೇಳುವ ಧೈರ್ಯವೂ ಇರಲಿಲ್ಲ. ಖಾನೆ ಎಳೆದು ಸೀಸದ ತುಂಡನ್ನು ತೆಗೆದುಕೊಟ್ಟ. "ನಾನು ಅಂಟಿಸಿಕೊಡಲ್ಲ. ನೀನೇ ಅಂಟಿಸ್ಕೋ" ಎಂದ. ಗುಜರಿಯವನು ಅದನ್ನು ಜೇಬಿಗೆ ಹಾಕಿಕೊಂಡು ಹೋದ.

ಮುಳ್ಳಣ್ಣ ಆ ದಿನ ಬೇಗನೆ ಬಾಗಿಲು ಹಾಕಿ ಮನೆಗೆ ಬಂದ. ಅಡುಗೆಮನೆಯಲ್ಲಿ ತಾನು ಬೆಳಿಗ್ಗೆ ಉಂಡ ಪಾತ್ರೆ ಹಾಗೇ ಬಿದ್ದಿತ್ತು. ಅದನ್ನು ತೊಳೆಯಲು ನಿಂತು ನಲ್ಲಿ ತಿರುಗಿಸಿದ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಪಾತ್ರೆಯನ್ನು ನಲ್ಲಿಯ ಕೆಳಗೇ ಬಿಟ್ಟ. ತಿಂಗಳುಗಟ್ಟಲೆ ಅವಳು ಇಲ್ಲೇ ನಿಂತಿದ್ದಳು. ಕೇಳುವವನು ಯಾರೂ ಇಲ್ಲದಿದ್ದರೆ ಅವಳು ಇಷ್ಟು ದಿನವೂ ಒಂದು ಕಬ್ಬಿಣದ ನಲ್ಲಿಗೆ ತನ್ನ ನೋವು ಹೇಳಿಕೊಂಡ ಹಾಗಾಯಿತು. ಅದೊಂದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ. ಕೇಳಿಸಿಕೊಂಡವನು ಇರಲೇಬೇಕು ಎಂದು ಮೊಂಡುಹಿಡಿದ. ಅದು ನಂಬಿಕೆಯೋ ಬರೀ ಸಂಕಟವೋ ಅವನಿಗೆ ಗೊತ್ತಾಗಲಿಲ್ಲ.

"ನಿನ್ನ ಹತ್ರ ಬೇಡೋಕೆ ನಂಗೇನೂ ಉಳಿದಿಲ್ಲ" ಎಂದ. ಅವಳು ತೀರಿಕೊಂಡ ಮೇಲೆ ಅವನು ಆಡಿದ ಮೊದಲ ಪ್ರಾರ್ಥನೆ ಅದು. "ನಂಗೆ ಅವಳು ಒಂದು ಮಾತೂ ಹೇಳಲಿಲ್ಲ. ನಿಂಗೆ ಎಲ್ಲ ಹೇಳಿದ್ದಾಳೆ. ಎಲ್ಲೆಲ್ಲಿ ನೋಯ್ತು ಅಂದ್ಲು? ನನ್ನ ಬಗ್ಗೆ ಏನಂದ್ಲು?"

ಉತ್ತರ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಪಾತ್ರೆ ತುಂಬಿ ನೀರು ಸುತ್ತಲೂ ಹರಿಯತೊಡಗಿತು. ಮುಳ್ಳಣ್ಣ ನಲ್ಲಿ ನಿಲ್ಲಿಸದೆ ಅಲ್ಲೇ ನಿಂತಿದ್ದ.